ಖಡಿ, ಖಾಡಿ, ಒಂದು ದೀರ್ಘ

ಹಳೆಯ ಚರ್ಮಕ್ಕೆ ಪಂಕ್ಚರ್ ಅಂಟಿಸುವ ಸಲ್ಯೂಷನ್ನು, ಒಂದಿಷ್ಟು ಗ್ರೀಸು, ಒಂದಿಷ್ಟು ತುಕ್ಕು ಸೇರಿದರೆ ಎಂಥ ವಾಸನೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ನೀವು ಸೈಕಲ್ ಅಂಗಡಿಯ ವಾಸನೆ ಎನ್ನುತ್ತೀರಿ. ನಾನು ವೆಂಕೂ ಮಾಮಾನ ವಾಸನೆ ಎನ್ನುತ್ತೇನೆ. ಹೋದ ರವಿವಾರ ಪುಣೆಯ ಮಗರಪಟ್ಟಾದ ಒಂಬತ್ತನೆಯ ಮಹಡಿಯ ನಮ್ಮ ಮನೆಯಲ್ಲಿ, ಬೆಳಗಿನ ಚಹಾ ಮುಗಿದು ಪೇಪರು ಮಡಿಚಿಡುವ ಹೊತ್ತಿಗೆ, ಆ ವಾಸನೆ ಇಡೀ ಹಾಲ್ ತುಂಬಿಕೊಂಡಿತು. "ಏನ ಸುಡಲಿಕ್ಕತ್ತೀರಿ ಅಲ್ಲೆ?" ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು.

ಸುಡುತ್ತಿರಲಿಲ್ಲ. ಸೈಕಲ್ ಸೀಟಿನ ಹಿಂದೆ ನೇತುಹಾಕುವ ಒಂದು ಚರ್ಮದ ಚೀಲವನ್ನು ಬಿಚ್ಚುತ್ತಿದ್ದೆ. ಅದಕ್ಕೆ ಕಾರಣ ಎದುರು ಮನೆಯ ಮೇಘನಾ. ಬೆಂಗಳೂರಿನ ಹುಡುಗಿ, ಇಲ್ಲೇ ಕೆಳಗಿನ ಆಫೀಸೊಂದರಲ್ಲಿ ಕೆಲಸ. ನಮ್ಮ ಬಾಗಿಲ ಮೇಲಿನ ಕನ್ನಡ ಹೆಸರುಪಟ್ಟಿ ನೋಡಿ ಪರಿಚಯ ಮಾಡಿಕೊಂಡವಳು. ಅವಳು ಹೊಸದಾಗಿ ಒಂದು ಗ್ರಾವೆಲ್ ಬೈಕ್ ತೆಗೆದುಕೊಂಡಿದ್ದಾಳೆ. ಬೈಕ್ ಎಂದರೆ ಮೋಟಾರಿನದಲ್ಲ, ಸೈಕಲ್ಲು. ಗ್ರಾವೆಲ್ ಎಂದರೆ ಖಡಿ. ರಸ್ತೆಗೆ ಹರಡುವ ಒಡೆದ ಕಲ್ಲು, ನಿಮ್ಮ ಕಡೆ ಜಲ್ಲಿ ಎನ್ನುತ್ತೀರೇನೋ. ಒಟ್ಟಿನಲ್ಲಿ ಖಡಿಯ ಮೇಲೆ ಓಡಿಸಲೆಂದೇ ಮಾಡಿದ ಸೈಕಲ್ಲು. ನಮ್ಮ ಕಾಲದಲ್ಲಿ ಖಡಿ ರಸ್ತೆ ಬಂದರೆ ಸೈಕಲ್ಲಿನಿಂದ ಇಳಿದು ಸರಕಾರವನ್ನು ಬೈಯುತ್ತಿದ್ದೆವು. ಈಗಿನವರು ಡಾಂಬರು ಬಂದರೆ ಮೂಗು ಮುರಿಯುತ್ತಾರೆ. ಬರುವ ಶನಿವಾರ ಘಟ್ಟ ಇಳಿದು ಕೊಂಕಣಕ್ಕೆ ಹೋಗುತ್ತಾಳಂತೆ, ಆದಷ್ಟೂ ಕಚ್ಚಾ ರಸ್ತೆಯಲ್ಲಿ. ನಾನೂ ಹಿಂದೆ ಹಾಗೆ ಹೋಗಿದ್ದೆ ಎಂದು ಲಿಫ್ಟಿನಲ್ಲಿ ಒಮ್ಮೆ ಬಾಯಿ ಬಿಟ್ಟಿದ್ದೇ ತಪ್ಪಾಯಿತು. "ವಾವ್ ಅಂಕಲ್, ನೀವು ಗ್ರಾವೆಲ್ ಬೈಕರ್ರಾ?" ಎಂದು ಹಿಡಿದುಕೊಂಡಳು. ಹೌದಮ್ಮ ಎಂದೆ. ಎಪ್ಪತ್ತು ದಾಟಿದ ಮೇಲೆ ಇಂಥ ಪದವಿ ಸಿಕ್ಕರೆ ಬೇಡ ಎನ್ನಲು ನಾನೇನು ಸನ್ಯಾಸಿಯೇ?

ಆ ಹುಮ್ಮಸ್ಸಿನಲ್ಲೇ ಮಾಮಾನ ಚರ್ಮದ ಚೀಲ ನಿನ್ನ ಸೈಕಲ್ಲಿಗೆ ಕೊಡುತ್ತೇನೆ ಎಂದುಬಿಟ್ಟಿದ್ದೆ. ಮಾಮಾ ತೀರಿಕೊಂಡ ಮೇಲೆ ಅದು ಮೂರು ಮನೆ ಬದಲಾಯಿಸಿ ನಮ್ಮ ಜೊತೆ ಬಂದಿತ್ತೇ ಹೊರತು ಒಮ್ಮೆಯೂ ತೆರೆದಿರಲಿಲ್ಲ. ಬಕಲು ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ತೆಗೆದರೆ ಒಳಗೆ ನಟ್ಟು ಬಿಚ್ಚುವ ಎರಡು ಪಾನಾ, ಟಾಯರು ಬಿಚ್ಚುವ ಕಬ್ಬಿಣದ ಪಟ್ಟಿ, ಕಲ್ಲಾಗಿದ್ದ ಸಲ್ಯೂಷನ್ ಟ್ಯೂಬು, ಕೊನೆಗೆ ತಳದಲ್ಲಿ ಹಳೆಯ ರಬ್ಬರಿನ ತುಂಡಿನೊಳಗೆ ಸುತ್ತಿದ್ದ ಒಂದು ಕಾಗದ. ನನ್ನ ಚಷ್ಮಾ ಒಳಗಿತ್ತು. ಚೀಲ ಒಯ್ಯಲು ಬಂದು ಕೂತಿದ್ದ ಮೇಘನಾಳೇ ಅದನ್ನು ಓದಿದಳು. ಓದಿದಾಗಿನಿಂದ ನನ್ನ ತಲೆ ಸರಿಯಿಲ್ಲ. ಏನು ತಿಳಿಯಬೇಕೋ ತಿಳಿಯುತ್ತಿಲ್ಲ. ಯಾರ ಮೇಲೆ ಸಿಟ್ಟಾಗಬೇಕೋ ಗೊತ್ತಾಗುತ್ತಿಲ್ಲ. ನಿಮಗೆ ಹೇಳಿದರೆ ಒಂದು ದಾರಿ ಸಿಕ್ಕೀತು ಎಂದುಕೊಂಡು ಕೂತಿದ್ದೇನೆ. ಆದರೆ ಕಾಗದದ ಮಾತು ಕೊನೆಗೆ. ಮೊದಲು ಅದನ್ನು ಬರೆದವರು, ಪಡೆದವರು ಯಾರೆಂದು ತಿಳಿಯಬೇಕು.

ವೆಂಕೂ ಮಾಮಾ ನನ್ನ ತಾಯಿಯ ತಮ್ಮ. ಎಪ್ಪತ್ತರ ದಶಕದಲ್ಲಿ ನಾನು ಧಾರವಾಡದಿಂದ ಪುಣೆಗೆ ಬಂದಾಗ ಮಾಮಾ ಒಂದು ಕಾರಖಾನೆಯಲ್ಲಿ ಫಿಟ್ಟರ್ ಆಗಿದ್ದ. ಅವನ ಶಿಫಾರಸಿನ ಮೇಲೆ ಅಲ್ಲೇ ನನಗೆ ಕಾರಕೂನಿಕೆ ಸಿಕ್ಕಿತು. ಪೇಟೆಯಲ್ಲಿ ಹತ್ತಾರು ಬಾಡಿಗೆದಾರರಿದ್ದ ಹಳೆಯ ವಾಡೆಯೊಂದರಲ್ಲಿ ಅವನ ಒಂದೇ ಖೋಲಿ, ಅದರಲ್ಲಿ ನಾವಿಬ್ಬರು ಮತ್ತು ಎರಡು ಸೈಕಲ್ಲು. ಮಾಮಾ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ "ಇದಕ್ಕ ಸವತಿ ತರಬಾರದಲೇ" ಎಂದು ಸೈಕಲ್ಲು ತೋರಿಸುತ್ತಿದ್ದ. ಪುಣೆ ಆಗ ಸೈಕಲ್ಲುಗಳ ಊರು. ಮುಂಜಾನೆ ಕಾರಖಾನೆಯ ಭೋಂಗಾ ಕೂಗುವ ಹೊತ್ತಿಗೆ ಸೇತುವೆಯ ಮೇಲೆ ನಿಂತರೆ ಬರೀ ತಲೆಗಳು, ಹ್ಯಾಂಡಲ್ಲಿಗೆ ತೂಗುವ ಡಬ್ಬಿಗಳು. ಸ್ಕೂಟರಿನವನು ಆ ಗುಂಪಿನಲ್ಲಿ ಸಿಕ್ಕಿಬಿದ್ದರೆ ಅಳುವ ಮೋರೆ ಮಾಡಿಕೊಂಡು ನಮ್ಮ ವೇಗಕ್ಕೇ ಬರಬೇಕು.

ರವಿವಾರ ಬಂತೆಂದರೆ ಮಾಮಾ ಊರ ಹೊರಗೆ ಎಳೆದುಕೊಂಡು ಹೋಗುತ್ತಿದ್ದ. ಜೇಜುರಿಗೆ ಹೋಗಿ ನಮ್ಮ ಮೈಲಾರಲಿಂಗನಿಗೆ ಕೈಮುಗಿದು, ತಲೆಯಿಂದ ಪೆಡಲ್ಲಿನವರೆಗೆ ಭಂಡಾರದ ಹಳದಿಯಾಗಿ ಮರಳುತ್ತಿದ್ದೆವು. ರಸ್ತೆಗಳ ಬಗ್ಗೆ ಅವನದೇ ಒಂದು ಶಾಸ್ತ್ರವಿತ್ತು. "ಡಾಂಬರ ರಸ್ತಾ ಸರಕಾರದ್ದು. ಮಣ್ಣಿನ ರಸ್ತಾ ಎತ್ತಿಂದು. ಖಡಿ ರಸ್ತಾ ಯಾರಪ್ಪಂದೂ ಅಲ್ಲ. ಅಲ್ಲಿ ಬಿದ್ದರ ಯಾರನ್ನೂ ಬೈಯೋಹಂಗಿಲ್ಲ." ಬೀಳುವುದು ಸಾಮಾನ್ಯವಾಗಿ ನನ್ನ ಕೆಲಸವಾಗಿತ್ತು.

ನನ್ನ ಮರಾಠಿಯೂ ಹೀಗೇ ಎಡವುತ್ತಿತ್ತು. ಬಂದ ಹೊಸದರಲ್ಲಿ ಒಂದು ಹಣ್ಣಿನ ಅಂಗಡಿಯ ಮುಂದೆ ದಾರಿ ತಪ್ಪಿ ನಿಂತಿದ್ದೆವು. ಹಿಂದಿನಿಂದ ಮಾಮಾ, "ಕೇಳ, ಕೇಳ" ಎಂದು ನನ್ನ ಬೆನ್ನು ತಿವಿದ, ದಾರಿ ಕೇಳು ಎಂದು. ಅಂಗಡಿಯವ ಒಂದು ಡಜನ್ ಬಾಳೆಹಣ್ಣು ಕಟ್ಟಿ ಕೈಗಿಟ್ಟ. ಮರಾಠಿಯಲ್ಲಿ ಕೇಳ ಎಂದರೆ ಬಾಳೆಹಣ್ಣು. ಈ ಎರಡು ಭಾಷೆಗಳು ಒಂದೇ ವಾಡೆಯ ಬಾಡಿಗೆದಾರರು. ಅವರ ತಂಬಿಗೆ ಇವರ ಮನೆಯಲ್ಲಿ, ಇವರ ಪಾತ್ರೆ ಅವರ ಮನೆಯಲ್ಲಿ. ಯಾವುದು ಯಾರದೆಂದು ಹೊಸಬನಿಗೆ ತಿಳಿಯುವುದಿಲ್ಲ. ಮಾಮಾನಿಗೆ ಮಾತ್ರ ತಿಳಿಯುತ್ತಿತ್ತು. ಅವನ ಮರಾಠಿ ಕೇಳಿ ಪುಣೆಯವರೇ ಅವನನ್ನು ಪುಣೆಯವನೆಂದು ನಂಬುತ್ತಿದ್ದರು. ಈ ಮಾತನ್ನು ನೆನಪಿನಲ್ಲಿಡಿ, ನಾನೂ ಈಗ ಅದನ್ನೇ ಹಿಡಿದುಕೊಂಡು ಕೂತಿದ್ದೇನೆ.

ಇನ್ನು ಕಾಗದ ಬರೆದವಳು. ಇಂದೂ ಮಾವಶಿ, ನನ್ನ ತಾಯಿಯ ತಂಗಿ, ಮಾಮಾನಿಗೆ ಅಕ್ಕ. ನಾನು ಸಣ್ಣವನಿದ್ದಾಗಲೇ ಅವಳು ಮನೆ ಬಿಟ್ಟಿದ್ದಳು. ಶಿಕ್ಷಕರ ತರಬೇತಿಗೆಂದು ಕೊಂಕಣದಿಂದ ಧಾರವಾಡಕ್ಕೆ ಬಂದಿದ್ದ ಮರಾಠಿ ಹುಡುಗನೊಬ್ಬನನ್ನು ಮೆಚ್ಚಿ, ಅಜ್ಜ ಒಪ್ಪದಿದ್ದಾಗ ಅವನ ಹಿಂದೆ ಹೋಗಿಬಿಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಅವಳ ಹೆಸರೆತ್ತುವ ಹಾಗಿರಲಿಲ್ಲ. ಹದಿನೆಂಟು ವರ್ಷದ ಮೇಲೆ, ಅಜ್ಜ ತೀರಿಕೊಂಡ ವರ್ಷ, ಮಾಮಾ ಹೇಗೋ ವಿಳಾಸ ಹುಡುಕಿ ಅವಳಿಗೆ ಕಾಗದ ಹಾಕಿದ. ಉತ್ತರ ಬಂತು. ಬಂದ ದಿನ ಮಾಮಾ ಊಟ ಮಾಡಲಿಲ್ಲ. ಮರುದಿನ ಸೈಕಲ್ಲನ್ನು ಪೂರ್ತಿ ಬಿಚ್ಚಿ, ಒಂದೊಂದೇ ಬೇರಿಂಗ್ ಗುಂಡು ಸೀಮೆಎಣ್ಣೆಯಲ್ಲಿ ತೊಳೆದು ಜೋಡಿಸಿದ.

"ಇಂದಕ್ಕನ ಕಡೆ ಹೋಗೂಣು. ಮೂರು ದಿನದ ರಜಾ ಹಾಕು" ಎಂದ.

"ಎಸ್‌ಟಿ ಬಸ್ಸು ಹೋಗ್ತದಲಾ ಮಾಮಾ?"

"ಬಸ್ಸಿನ್ಯಾಗಲ್ಲ. ಸೈಕಲ್ ಮ್ಯಾಲೆ ಬರತೇನಂತ ಮಾತು ಕೊಟ್ಟಿದ್ದೆ."

ಯಾವ ಮಾತು, ಯಾವಾಗ ಕೊಟ್ಟಿದ್ದು ಎಂದು ಕೇಳಿದೆ. ಆಗ ಹೇಳಲಿಲ್ಲ. ಹೊರಡುವ ದಿನ ಮುಂಜಾನೆ ಅವನ ಕ್ಯಾರಿಯರಿಗೆ ಹಳೆಯ ಧೋತರದಲ್ಲಿ ಕಟ್ಟಿದ ಒಂದು ಗಂಟು ಬಿಗಿದಿತ್ತು. ಖೋಲಿಯ ಮಾಳದ ಮೇಲೆ, ಎಂದರೆ ಅಟ್ಟದ ಮೇಲೆ, ವರ್ಷಗಟ್ಟಲೆ ಕಂಡಿದ್ದ ಗಂಟು ಅದು. ಒಳಗೇನಿದೆ ಎಂದು ನಾನು ಕೇಳಿದವನಲ್ಲ. ಹಾಸಿಗೆಯ ಹಳೇ ಬಟ್ಟೆ ಎಂದುಕೊಂಡಿದ್ದೆ.

ದಾರಿಯಲ್ಲಿ ಭೋರ್ ಎಂಬ ಊರಿನಲ್ಲಿ ಚಹಾಕ್ಕೆ ನಿಂತಾಗ ಮಾಮಾ ಬಾಯಿ ಬಿಟ್ಟ. ಇಂದೂ ಮಾವಶಿ ಮನೆ ಬಿಡುವುದು ಅವನೊಬ್ಬನಿಗೇ ಗೊತ್ತಿತ್ತು. "ನಾ ಗುಡಿಗೆ ಹೋದಂಗ ಬರೀ ಕೈಲೆ ಹೋಗತೇನಿ. ನೀ ಈ ಗಂಟು ಸೈಕಲ್ ಮ್ಯಾಲೆ ಇಟಗೊಂಡು ಸ್ಟೇಶನ್ನಿಗೆ ಬಾ" ಎಂದಿದ್ದಳಂತೆ. ಎರಡು ಇಳಕಲ್ಲ ಸೀರೆ, ಒಂದು ಕುಂಕುಮದ ಕರಡಿಗೆ, ಕೈಯಾರೆ ಬರೆದಿಟ್ಟ ಹಾಡಿನ ವಹಿ. ಅಷ್ಟೇ ಅವಳ ಆಸ್ತಿ. ಮಾಮಾನಿಗೆ ಆಗ ಹದಿನೆಂಟು. ಬರತೇನಿ ಎಂದ. ಅರ್ಧ ಹಾದಿ ಹೋದ. ಆಮೇಲೆ ಅಜ್ಜನ ಮುಖ ನೆನಪಾಗಿ ಸೈಕಲ್ಲು ತಿರುಗಿಸಿ ಬಂದುಬಿಟ್ಟ. ಅವಳು ಎಷ್ಟು ಹೊತ್ತು ಹಾದಿ ನೋಡಿದಳೋ, ಯಾವ ಗಾಡಿ ಹತ್ತಿದಳೋ ಯಾರಿಗೂ ಗೊತ್ತಿಲ್ಲ. ಗಂಟು ಮಾತ್ರ ಅವನ ಬಳಿ ಉಳಿಯಿತು.

"ನಿನ್ನ ಯಾಕ ಕರಕೊಂಡು ಬಂದೇನಿ ಗೊತ್ತದ ಏನು?" ಎಂದ. "ನೀ ನನ್ನ ಹಿಂದ ಬಾ. ನಾ ನಡುವ ಸೈಕಲ್ ತಿರಿಗಿಸಿದರ ಛಲೋ ಬೈ. ಬೇಕಾದರ ಎರಡು ಹೊಡಿ. ತಿರಗಗೊಡಬ್ಯಾಡ."

ಆಗಲಿ ಎಂದೆ. ಇಪ್ಪತ್ತನಾಲ್ಕರ ವಯಸ್ಸು, ದೊಡ್ಡವರಿಗೆ ಎರಡು ಹೊಡೆಯುವ ಅಧಿಕಾರ ಸಿಕ್ಕಿದ್ದಕ್ಕೆ ಖುಷಿಯೇ ಆಯಿತು. ಮಾಮಾ ಕಿಸೆಯಿಂದ ಕಾಗದ ತೆಗೆದು, ದೂರ ಹಿಡಿದು, ದಾರಿಯ ಸಾಲುಗಳನ್ನಷ್ಟೇ ಓದಿದ: "ಮಹಾಡದಿಂದ ಕೆಂಪು ಮಣ್ಣಿನ ರಸ್ತಾ ಹಿಡಿ. ಖಡಿ ದಾಟಿ ಬಾ. ದಾಟಿದ ಕೂಡಲೆ ನಾ ನಿಂತಿರತೇನಿ, ಶನಿವಾರ ಮುಂಜಾನೆ." ಉಳಿದದ್ದು ಅಕ್ಕ ತಮ್ಮನ ಮಾತು ಎಂದು ಮಡಿಚಿ ಇಟ್ಟುಕೊಂಡ. ಮನೆಯಲ್ಲಿ ಅವಳು ಇನ್ನೂ ಹೇಳಿಲ್ಲವಂತೆ, ಊರ ಹೊರಗೇ ಭೆಟ್ಟಿಯಾಗುತ್ತಾಳಂತೆ, ಆದ್ದರಿಂದ ಊರ ಹೆಸರು ಹಿಡಿದು ಯಾರನ್ನೂ ಕೇಳಬೇಡ ಎಂದ.

ವರಂಧಾ ಘಟ್ಟ ಇಳಿಯುವುದೆಂದರೆ ಆಗ ಒಂದು ಸಾಹಸ. ನಮ್ಮ ಬ್ರೇಕಿನ ರಬ್ಬರು ಎರಡನೆಯ ತಿರುವಿಗೇ ಸುಟ್ಟ ವಾಸನೆ ಹೊಡೆಯಿತು. ಮಾಮಾ ಎರಡು ದಪ್ಪ ಟೊಂಗೆ ಮುರಿದು ಹಗ್ಗ ಕಟ್ಟಿ ಒಂದೊಂದು ಸೈಕಲ್ಲಿನ ಹಿಂದೆ ಎಳೆಯಲು ಬಿಟ್ಟ. ಅದು ನೆಲ ಹಿಡಿದು ವೇಗ ತಗ್ಗಿಸುತ್ತದೆ. ಧೂಳೆಬ್ಬಿಸುತ್ತ ನಾವು ಇಳಿಯುವುದನ್ನು ನೋಡಿ ಎದುರಿನ ಲಾರಿಯವ ಗಾಡಿ ನಿಲ್ಲಿಸಿ ನಕ್ಕ. ಮಹಾಡ ತಲುಪಿದಾಗ ನನಗೆ ಕೂರಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ಧರ್ಮಶಾಲೆಯಲ್ಲಿ ಬೋರಲು ಮಲಗಿದೆ.

ಶನಿವಾರ ಹೊತ್ತು ಹುಟ್ಟುವ ಮುಂಚೆ ಕೆಂಪು ಮಣ್ಣಿನ ರಸ್ತೆ ಹಿಡಿದೆವು. ಒಂದೆಡೆ ದಾರಿ ಎರಡಾಗಿ ಒಡೆಯಿತು. ಒಂದು ಗೋಡಂಬಿ ಗಿಡಗಳ ನಡುವೆ ತಗ್ಗಿಗೆ ಇಳಿಯುತ್ತಿತ್ತು. ಇನ್ನೊಂದು ಗುಡ್ಡ ಏರುತ್ತಿತ್ತು, ಅದರ ಅಂಚಿಗೆ ಖಡಿಯ ರಾಶಿಗಳು. ಒಬ್ಬ ಮುದುಕ ನೆರಳಿಗೆ ಗೋಣಿತಟ್ಟು ಕಟ್ಟಿಕೊಂಡು ಕಲ್ಲು ಒಡೆಯುತ್ತಿದ್ದ. "ಖಡೀ ಕುಠಂ ಆಹೇ?" ಎಂದು ಮಾಮಾ ಕೇಳಿದ, ಖಡಿ ಎಲ್ಲಿದೆ ಎಂದು. ಮುದುಕ ನಮ್ಮ ಕಡೆ, ತನ್ನ ಕಾಲ ಬಳಿಯ ರಾಶಿಯ ಕಡೆ, ಮತ್ತೆ ನಮ್ಮ ಕಡೆ ನೋಡಿದ. "ಹೀ ಕಾಯ ಖಡೀ!" ಎಂದ. ಇದೇನು ಮತ್ತೆ ಎಂಬ ದನಿಯಲ್ಲಿ. ಆಮೇಲೆ ಪಾಪ, ಮುಂದೆ 'ಖಡೀ ಚಢಣ' ಇದೆ, ಜೋಪಾನ ಎಂದೂ ಸೇರಿಸಿದ. ಮರಾಠಿಯಲ್ಲಿ ಖಡೀ ಎಂದರೆ ಕಡಿದಾದ ಎಂದೂ ಅರ್ಥವಂತೆ. ಖಡಿಯ ಮೇಲೆ ಖಡೀ ಏರು! ನಮಗೆ ಅನುಮಾನವೇ ಉಳಿಯಲಿಲ್ಲ, ಏರತೊಡಗಿದೆವು. ಏರಿದೆವು ಎಂದರೆ ಸೈಕಲ್ಲು ತಳ್ಳಿದೆವು. ಎರಡು ಸಲ ನನ್ನ ಟ್ಯೂಬು ಹರಿಯಿತು. ಮಾಮಾ ಆ ಚರ್ಮದ ಚೀಲ ಬಿಚ್ಚಿ ಕೂತು, ಅವಸರವೇ ಇಲ್ಲದವನಂತೆ ಅಂಟಿಸಿದ.

ಗುಡ್ಡದ ಮೇಲೆ ಬಯಲಿತ್ತು. ಅಲ್ಲಿ ಖಡಿ ಮುಗಿಯಿತು. ಅದರಾಚೆ ರಸ್ತೆಯೂ ಇರಲಿಲ್ಲ. ಡ್ರೈವರನಿಲ್ಲದ ಒಂದು ರೋಲರು, ಒಂದು ಮುಳ್ಳಿನ ಪೊದೆ, ಗಾಳಿ. ಇಂದೂ ಮಾವಶಿ ಇರಲಿಲ್ಲ.

"ಬರತಾಳ. ಹೆಣಮಕ್ಕಳಿಗೆ ಮನಿ ಕೆಲಸ ಇರತದ" ಎಂದು ಮಾಮಾ ಕ್ಯಾರಿಯರಿನಿಂದ ಗಂಟು ಬಿಚ್ಚಿ ರೋಲರಿನ ನೆರಳಿನಲ್ಲಿಟ್ಟ. ನಾವು ಕಾದೆವು. ಯಾರಾದರೂ ಗುಡ್ಡದ ಅಂಚಿಗೆ ಕಂಡರೆ ಸಾಕು, ಮಾಮಾ ಎದ್ದು ನಿಂತು ಕಿಸೆಯ ಹಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದ. ಒಮ್ಮೆ ಕಟ್ಟಿಗೆ ಹೊತ್ತವಳು, ಒಮ್ಮೆ ದನ ಅಟ್ಟುವವಳು, ಒಮ್ಮೆ ಬರೀ ದನ. ಕೆಳಗೆ ದೂರದಲ್ಲಿ ಅಗಲವಾದ ನೀರು ಹೊಳೆಯುತ್ತಿತ್ತು, ಅದರ ಮೇಲೆ ಒಂದು ದೋಣಿ. "ಅದೇನ ಮಾಮಾ ನೀರು?" ಎಂದೆ. "ಸಮುದ್ರ ಇರಬೇಕು" ಎಂದು ಅತ್ತ ನೋಡದೆಯೇ ಹೇಳಿದ. ಸಮುದ್ರಕ್ಕೆ ಆಚೆ ದಡ ಇರುತ್ತದೆಯೇ ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ನಾನು ಆಗಷ್ಟೇ ಮೊದಲ ಸಲ ಸಮುದ್ರ ನೋಡುತ್ತಿದ್ದೇನೆ ಎಂದು ಪುಲಕಗೊಂಡಿದ್ದೆ.

ಮಧ್ಯಾಹ್ನ ಇಳಿದ ಮೇಲೆ ಅದೇ ಕಟ್ಟಿಗೆಯವಳು ಮರಳಿ ಬರುತ್ತ, ಇವರಿನ್ನೂ ಇಲ್ಲೇ ಇದ್ದಾರಲ್ಲ ಎಂದು ಹೊರೆ ಇಳಿಸಿ ವಿಚಾರಿಸಿದಳು. ಖಡಿ ದಾಟಿ ಬಾ ಅಂದಿದ್ದಾರೆ ಎಂದು ನಾನೇ ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಖಡೀ ಯಾರಪ್ಪಾ ದಾಟುತ್ತಾರೆ, ಖಾಡೀ ಇರಬೇಕು ಎಂದು ಆ ಹೊಳೆಯುವ ನೀರಿನ ಕಡೆ ಕೈ ಮಾಡಿದಳು. ಖಾಡಿ ಎಂದರೆ ಸಮುದ್ರ ಒಳನುಗ್ಗಿ ನಿಂತ ನೀರು, ಅಳಿವೆ. ತಗ್ಗಿನ ದಾರಿ ಹಿಡಿದರೆ ದೋಣಿಕಟ್ಟೆ. ಬೆಳಿಗ್ಗೆ ಏಳಕ್ಕೇ ಅಲ್ಲಿರುತ್ತಿದ್ದಿರಿ ಎಂದಳು.

ಇಳಿಯುವಾಗ ಟೊಂಗೆ ಕಟ್ಟಲಿಲ್ಲ. ನಾನು ಎಷ್ಟು ಸಲ ಬಿದ್ದೆನೋ ನೆನಪಿಲ್ಲ. ದಡ ಮುಟ್ಟಿದಾಗ ನೀರು ಇಳಿದುಹೋಗಿತ್ತು. ಮಾರುಗಟ್ಟಲೆ ಕೆಸರು, ಕೆಸರಿನಲ್ಲಿ ವಾಲಿ ಕೂತ ದೋಣಿ, ಅದರ ಮೇಲೆ ಬೀಡಿ ಸೇದುವ ಅಂಬಿಗ. "ಏಕ ಬಾಯೀ ಸಕಾಳಪಾಸೂನ ಪಲೀಕಡೇ ಉಭೀ ಹೋತೀ. ಆತ್ತಾಚ ಗೇಲೀ" ಎಂದ. ಒಬ್ಬ ಹೆಂಗಸು ಬೆಳಗಿನಿಂದ ಆಚೆ ದಡದಲ್ಲಿ ನಿಂತಿದ್ದಳು. ಈಗಷ್ಟೇ ಹೋದಳು. ಆಚೆ ದಡದ ತೆಂಗಿನ ಸಾಲಿನ ಕೆಳಗೆ ಯಾರೋ ನಡೆದು ಹೋಗುತ್ತಿರುವುದು ನನಗೆ ಕಂಡಿತು. ಕೆಂಪು ಸೀರೆಯೋ, ಇಳಿಬಿಸಿಲಿಗೆ ಹಾಗೆ ಕಂಡಿತೋ, ಅವಳೇ ಹೌದೋ ಅಲ್ಲವೋ ಇಂದಿಗೂ ಹೇಳಲಾರೆ. "ಮಾಮಾ, ಕೂಗು!" ಎಂದೆ. ಮಾಮಾ ಕಿಸೆಯ ಹಣಿಗೆ ತೆಗೆದು ತಲೆ ಬಾಚಿಕೊಂಡ. ಕೂಗಲಿಲ್ಲ.

ಅಂಬಿಗ ಒಳ್ಳೆಯವನು. ನಾಳೆ ಮುಂಜಾನೆ ಉಬ್ಬರಕ್ಕೆ ದಾಟಿಸುತ್ತೇನೆ, ನನ್ನ ಗುಡಿಸಲಿನಲ್ಲಿ ಇರಿ ಎಂದ. ನಮಗೆ ಹೆಚ್ಚೆಂದರೆ ಒಂದು ದಿನದ ರಜೆ ಹೆಚ್ಚಾಗುತ್ತಿತ್ತು. ಮಾಮಾ ಕಿಸೆಯ ಮೇಲೆ ಕೈಯಿಟ್ಟುಕೊಂಡು ನೀರಿಲ್ಲದ ಖಾಡಿಯನ್ನು ಬಹಳ ಹೊತ್ತು ನೋಡಿದ. "ಅಕ್ಕ ದೀರ್ಘ ಕೊಟ್ಟಿಲ್ಲಲೇ. ಖಡಿ ಅಂತ ಬರದಾಳ" ಎಂದ. "ಹದಿನೆಂಟು ವರ್ಷ ಕನ್ನಡ ಬರದಿಲ್ಲ, ಮರತಾಳ." ಆಮೇಲೆ, "ರಜಾ ಮುಗದದ, ನಡಿ" ಎಂದು ಸೈಕಲ್ಲು ತಿರುಗಿಸಿದ.

ಗಂಟನ್ನಾದರೂ ಅಂಬಿಗನ ಕೈಲಿ ಕಳಿಸು ಎಂದೆ. "ಮಂದಿ ಕೈಲೆ ಕಳಸೂದಿದ್ದರ ಇಷ್ಟು ವರ್ಷ ಯಾಕ ಇಟಗೋತಿದ್ದೆ? ನನ್ನ ಕೈಲೇ ಕೊಡಬೇಕು" ಎಂದ.

ತಿರುಗಿಸಿದರೆ ಬೈ, ಎರಡು ಹೊಡಿ ಎಂದು ಹೇಳಿದ್ದನಲ್ಲವೇ? ನಾನು ಬೈಯಲಿಲ್ಲ. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹಾಯೆನಿಸಿತ್ತು. ಕುಂಡೆ ನೋಯುತ್ತಿತ್ತು, ಮೊಣಕೈ ತರಚಿತ್ತು, ವಾಡೆಯ ನನ್ನ ಚಾಪೆ ನೆನಪಾಗುತ್ತಿತ್ತು. ಇನ್ನೊಮ್ಮೆ ಬಂದರಾಯಿತು ಎಂದುಕೊಂಡೆ. ಇನ್ನೊಮ್ಮೆ ಬರಲಿಲ್ಲ. ಮಾಮಾ ಕಾಗದ ಬರೆಯುತ್ತೇನೆ, ಬರೆಯುತ್ತೇನೆ ಎಂದ. ಬರೆದನೋ ಇಲ್ಲವೋ ಗೊತ್ತಿಲ್ಲ. ಎಂಬತ್ತರ ದಶಕ ಶುರುವಾದ ಮೇಲೆ ಒಂದು ಪೋಸ್ಟ್ ಕಾರ್ಡ್ ಬಂತು. ಮರಾಠಿಯಲ್ಲಿ ಎರಡು ಸಾಲು. ಇಂದೂ ಮಾವಶಿ ಇನ್ನಿಲ್ಲ. ಮಾಮಾ ಅವತ್ತು ಸೈಕಲ್ಲನ್ನು ಗೋಡೆಯ ಗೂಟಕ್ಕೆ ಎತ್ತಿ ತೂಗುಹಾಕಿದ. ಮತ್ತೆ ಇಳಿಸಲಿಲ್ಲ. ಕಾರಖಾನೆಗೆ ಬಸ್ಸಿನಲ್ಲಿ ಹೋಗತೊಡಗಿದ.

ಈಗ ನನ್ನ ಹೆಗ್ಗಳಿಕೆಯ ಭಾಗಕ್ಕೆ ಬರುತ್ತೇನೆ. ನಾನು ಒಳ್ಳೆಯ ಮಾತುಗಾರ ಎಂದು ನಮ್ಮ ಬಳಗದಲ್ಲಿ ಹೆಸರಿದೆ. ಆ ಹೆಸರು ಬಂದದ್ದೇ ಈ ಕತೆಯಿಂದ. ಮುಂಜಿಯಿರಲಿ, ಮದುವೆಯಿರಲಿ, ಪಂಕ್ತಿಯಲ್ಲಿ ಕೂತವರು "ಆ ಖಡಿದು ಹೇಳರಿ" ಎನ್ನುತ್ತಿದ್ದರು. ಮುದುಕನ "ಹೀ ಕಾಯ ಖಡೀ" ಅಭಿನಯಿಸಿ, ರೋಲರಿನ ಪಕ್ಕ ತಲೆ ಬಾಚುವ ಮಾಮಾನನ್ನು ತೋರಿಸಿ, ಕೊನೆಗೆ "ಒಂದು ದೀರ್ಘ ತಪ್ಪಿದ್ದಕ್ಕ ಒಂದು ಗುಡ್ಡ ಹತ್ತಿದ್ವಿ ನೋಡರಿ!" ಎಂದರೆ ಎಲೆಯ ಮುಂದಿನವರಿಗೆ ನೆತ್ತಿಗೇರುವಷ್ಟು ನಗು. ಕನ್ನಡ ಮರೆತರೆ ಹೀಗಾಗುತ್ತದೆ ಎಂದು ನೀತಿಯನ್ನೂ ಸೇರಿಸುತ್ತಿದ್ದೆ. ನನ್ನ ತಾಯಿಯೊಬ್ಬಳೇ ನಗುತ್ತಿರಲಿಲ್ಲ. "ಇಂದೂನ ಅಕ್ಷರ ಮುತ್ತಿನಂಗ ಇದ್ದವು. ಆಕಿ ದೀರ್ಘ ಬಿಡಾಕಿ ಅಲ್ಲ" ಎಂದು ಪ್ರತಿ ಸಲ ಹೇಳುತ್ತಿದ್ದಳು. ಯಾರು ಕೇಳುತ್ತಾರೆ! ಮಾಮಾ ಮಾತ್ರ ಎಲ್ಲರ ಜೊತೆ ನಗುತ್ತಿದ್ದ. ಧಾರವಾಡದ ಒಂದು ಮದುವೆಯಲ್ಲಿ ಹೀಗೆ ನಗುತ್ತ ನಗುತ್ತ, ಇನ್ನೂ ಎಲೆಗೆ ಅನ್ನ ಬೀಳುವ ಮೊದಲೇ, ಕೈತೊಳೆಯಲು ಎದ್ದು ಹೋದ. ಅದನ್ನೂ ನಾನು ಕತೆಗೆ ಸೇರಿಸಿಕೊಂಡೆ.

ಹೋದ ರವಿವಾರ ಮೇಘನಾ ಆ ಕಾಗದ ಬಿಡಿ ಬಿಡಿಯಾಗಿ ಓದುತ್ತ ಹೋದಳು. "ಚಿರಂಜೀವಿ ವೆಂಕೂಗ ಇಂದಕ್ಕನ ಆಶೀರ್ವಾದ. ನೀ ಬರತೇನಿ ಅಂತ ಬರದದ್ದು ಓದಿ ಎರಡು ದಿನ ಕಾಗದ ಸೆರಗಿನ್ಯಾಗ ಕಟಗೊಂಡು ಅಡ್ಡಾಡಿದೆ. ಮನ್ಯಾಗ ಇನ್ನೂ ಹೇಳಿಲ್ಲ. ಮಹಾಡದಿಂದ ಕೆಂಪು ಮಣ್ಣಿನ ರಸ್ತಾ ಹಿಡಿ. ಖಾಡಿ ದಾಟಿ ಬಾ." ಅಲ್ಲಿ ನಿಂತು, "ಖಾಡಿ ಅಂದ್ರೆ ಏನ್ ಅಂಕಲ್?" ಎಂದಳು.

ನಾನು ನಕ್ಕೆ. "ಖಾಡಿ ಅಲ್ಲಮ್ಮಾ, ಖಡಿ. ನಮ್ಮ ಮಾವಶಿಗೆ ದೀರ್ಘ ಮರೆತುಹೋಗಿತ್ತು. ಅದೊಂದು ದೊಡ್ಡ ಕತೆ."

"ಇಲ್ಲ ಅಂಕಲ್, ಇದೆಯಲ್ಲಾ. ಕ್ಲಿಯರ್ ಆಗಿದೆ, ನೋಡಿ."

ಚಷ್ಮಾ ತಂದು ನೋಡಿದೆ. ಇತ್ತು. ಖಾ. ಬೇರೆ ಅಕ್ಷರಗಳೆಲ್ಲ ತೆಳ್ಳಗಿದ್ದವು, ಆ ದೀರ್ಘವೊಂದನ್ನು ಅವಳು ಎರಡು ಸಲ ತಿದ್ದಿ ದಪ್ಪ ಮಾಡಿದ್ದಳು. ತಮ್ಮ ಪುಣೆಯಿಂದ ಬರುವವನು, ಖಡಿ ಎಂದು ತಿಳಿದು ದಾರಿ ತಪ್ಪಿಯಾನು ಎಂಬ ಎಚ್ಚರ ಅವಳಿಗೇ ಇತ್ತೇನೋ. ಕಾಗದದ ಮಡಿಕೆಯೂ ಆ ಸಾಲಿನ ಮೇಲೆ ಬಿದ್ದಿರಲಿಲ್ಲ. ಮೇಘನಾ ಉಳಿದದ್ದನ್ನು ಓದಿದಳು. "ದಾಟಿದ ಕೂಡಲೆ ನಾ ನಿಂತಿರತೇನಿ, ಶನಿವಾರ ಮುಂಜಾನೆ. ಗಂಟು ತರದಿದ್ದರೂ ನಡೀತದ. ನೀ ಬಾ."

ಹೇಳಿ, ನಾನೇನು ತಿಳಿಯಲಿ? ಮಾಮಾನಷ್ಟು ಮರಾಠಿ ಬಲ್ಲವನಿಗೆ ಖಾಡಿ ಎಂದರೇನೆಂದು ಗೊತ್ತಿರಲಿಲ್ಲವೇ? ಬೇಕೆಂದೇ ಖಡಿ ಎಂದು ಓದಿದನೇ? ಅಕ್ಕನ ಎದುರು ನಿಲ್ಲುವ ಧೈರ್ಯವಾಗದೆ, ನನ್ನಂಥ ಪೆದ್ದನನ್ನು ಸಾಕ್ಷಿಗೆ ಕಟ್ಟಿಕೊಂಡು ಗುಡ್ಡ ಹತ್ತಿದನೇ? ಹಾಗಾದರೆ ತಪ್ಪಿಸಿಕೊಳ್ಳುವವನು ತಲೆ ಯಾಕೆ ಬಾಚಿಕೊಂಡ? ಯಾರಾದರೂ ಕಂಡಾಗಲೆಲ್ಲ ಅವನು ಎದ್ದು ನಿಲ್ಲುತ್ತಿದ್ದುದನ್ನು ನಾನೇ ನೋಡಿದ್ದೇನೆ. "ಗಂಟು ತರದಿದ್ದರೂ ನಡೀತದ" ಎಂಬ ಸಾಲು ಓದಿದವನ ಕಣ್ಣಿಗೆ ಅದರ ಮೇಲಿನ ಸಾಲಿನ ದೀರ್ಘ ಕಂಡಿರಲಿಕ್ಕಿಲ್ಲ ಎಂದೂ ಅನಿಸುತ್ತದೆ. ಮೂರು ದಿನದಿಂದ ಒಮ್ಮೆ ಹೀಗೆ, ಒಮ್ಮೆ ಹಾಗೆ. ಮಾಮಾನ ಮೇಲೆ ಸಿಟ್ಟು ಬರುತ್ತದೆ, ಸಿಟ್ಟಿನ ಹಿಂದೆಯೇ ಅಯ್ಯೋ ಪಾಪ ಎನಿಸುತ್ತದೆ. ಅವನದು ತಪ್ಪೋ ಮೋಸವೋ ಇನ್ನು ತೀರ್ಮಾನವಾಗುವುದಿಲ್ಲ. ನನ್ನದು ಮಾತ್ರ ತೀರ್ಮಾನವಾಗಿದೆ. ನೋಡದ ಕಾಗದದ, ನೋಡದ ಅಕ್ಷರ ಹಿಡಿದು, ಎರಡು ಸಲ ಹಾದಿ ಕಾದು ಬರಿಗೈಲಿ ಮರಳಿದ ಹೆಂಗಸನ್ನು ನಾನು ನಲವತ್ತು ವರ್ಷ ಪಂಕ್ತಿಯಲ್ಲಿ ನಗೆಗೀಡು ಮಾಡಿದೆ. ನನಗೆ ನಾಚಿಕೆಯಾಗಿದೆ.

ನಿನ್ನೆ ಹೆಂಡತಿ, "ಮಾಮಾನ ಸಾಮಾನಿನ ಜೋಡಿ ಬಂದ ಆ ಗಂಟು ಇನ್ನೂ ಮಾಳದ ಮ್ಯಾಲ ಅದರಿ" ಎಂದಳು. ಇಳಿಸಿದೆವು. ಧೋತರ ಮುಟ್ಟಿದರೆ ಹರಿಯುವಂತಿತ್ತು, ಬೇರೆ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. "ಯಾರಿಗೆ ಕೊಡತೀರಿ? ಅಲ್ಲೆ ಯಾರಿದ್ದಾರೋ ಏನೋ" ಎಂದಳು. ಗೊತ್ತಿಲ್ಲ ಎಂದೆ. ಮಾವಶಿಗೆ ಮಕ್ಕಳಿದ್ದರೋ ಇಲ್ಲವೋ ಅದೂ ಗೊತ್ತಿಲ್ಲ. ಸಂಜೆ ಮೇಘನಾ ಮೊಬೈಲು ಹಿಡಿದು ಶನಿವಾರದ ದಾರಿ ತೋರಿಸಲು ಬಂದಳು. ಗಂಟು ನೋಡಿ, "ನನ್ನ ಬೈಕ್‌ಗೆ ಕ್ಯಾರಿಯರ್ ಇಲ್ಲ ಅಂಕಲ್, ಆದ್ರೆ ಹೇಗೋ ಕಟ್ಕೋತೀನಿ, ನಾನೇ ತಲುಪಿಸ್ತೀನಿ" ಎಂದಳು.

"ಬೇಡಮ್ಮಾ. ನಾನು ಎಸ್‌ಟಿ ಬಸ್ಸಿನಲ್ಲಿ ಬರ್ತೀನಿ. ನೀನು ಈಚೆ ದಡದಲ್ಲಿ ಸಿಗು. ನಾನು ಹಿಂದಕ್ಕೆ ತಿರುಗಿದರೆ ಚೆನ್ನಾಗಿ ಬೈ."

ಅವಳಿಗೆ ಅರ್ಥವಾಗಲಿಲ್ಲ, ಸರಿ ಅಂಕಲ್ ಎಂದಳು. ದೋಣಿಕಟ್ಟೆಯ ಜಾಗದಲ್ಲಿ ಒಂದು ಗುರುತು ಹಾಕಿ, ಇಂಗ್ಲಿಷಿನಲ್ಲಿ ಹೆಸರು ಒತ್ತಿ ನನಗೆ ತೋರಿಸಿದಳು. ನೋಡಿದೆ. ಇಂಗ್ಲಿಷಿನಲ್ಲಿ ಬರೆದರೆ ಖಡಿಯೂ ಖಾಡಿಯೂ ಒಂದೇ.

"ಕನ್ನಡದಲ್ಲಿ ಹಾಕು" ಎಂದೆ. ಹಾಕಿದಳು. ಮತ್ತೆ ಚಷ್ಮಾ ಎಲ್ಲೋ ಇಟ್ಟಿದ್ದೆ.

"ದೀರ್ಘ ಬಂದಿದೆಯಾ, ಸರಿಯಾಗಿ ನೋಡು."

"ಬಂದಿದೆ ಅಂಕಲ್."

"ಓದು."

"ಖಾಡಿ" ಎಂದಳು ಮೇಘನಾ.